ಕೊನೆಯ ದಿನದ ಕಣ್ಣೀರು

ನಮ್ಮ ದೊಡ್ಡಬಳ್ಳಾಪುರದ ಕಡೆ ಇವತ್ತಿಗೂ ಒಂದು ರಿವಾಜಿದೆ. ಪಕ್ಕದ ಮನೆಯಲ್ಲೇ ಮದುವೆ ನಡೆಯುತ್ತಿರಲಿ, ಲಗ್ನಪತ್ರಿಕೆ ಕೈಗೆ ಬಂದಿರಲಿ, ಆ ಮನೆಯ ಹೆಂಗಸರು ಕುಂಕುಮದ ಬಟ್ಟಲು ಹಿಡಿದು ಬಂದು ಬಾಯಿತುಂಬ ಕರೆಯದಿದ್ದರೆ ನಾವು ಹೋಗುವುದಿಲ್ಲ. ಇದನ್ನು ಹೆಂಗಸರ ಬಿಗುಮಾನ ಎಂದು ಗಂಡಸರು ನಗುತ್ತಾರೆ. ಬಿಗುಮಾನವೇ ಇರಬಹುದು. ಆದರೆ ಅದರೊಳಗೆ ಒಂದು ತಿಳಿವಳಿಕೆಯೂ ಇದೆ. ಮನೆ ಅವರದು, ಹೊಸಿಲು ಅವರದು, ಒಳಗೆ ಯಾರು ಬರಬೇಕೆಂದು ಹೇಳುವವರೂ ಅವರೇ. ಕರೆಯದೆ ಬರುವವನ ಬಗ್ಗೆ ಸರ್ವಜ್ಞ ಎಷ್ಟು ಖಾರವಾಗಿ ಹೇಳಿದ್ದಾನೆಂಬುದು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತು. ಇಷ್ಟೆಲ್ಲ ಇದ್ದರೂ, ‘ಸೇವೆ’ ಎಂಬ ಒಂದು ಮಾತು ಬಂದು ಸೇರಿಕೊಂಡ ಕೂಡಲೇ ಈ ತಿಳಿವಳಿಕೆ ಎಲ್ಲಿ ಹಾರಿಹೋಗುತ್ತದೋ ಕಾಣೆ. ಒಳ್ಳೆಯದು ಮಾಡಲು ಹೊರಟವರಿಗೆ ಕರೆ ಬೇಕಿಲ್ಲ, ಅಪ್ಪಣೆ ಬೇಕಿಲ್ಲ, ಎದುರಿಗಿರುವವರು ‘ಬೇಡ’ ಎಂದರೂ ಕೇಳಿಸಿಕೊಳ್ಳಬೇಕಿಲ್ಲ ಎಂದು ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೇವೆ. ನನ್ನ ಜಗಳವಿರುವುದು ಇದರ ಮೇಲೆ.

ಜಗಳಕ್ಕೆ ಕಾರಣವಾದ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ. 2025ರ ಮಾರ್ಚ್ ಕೊನೆಯಲ್ಲಿ ಅಮೆರಿಕದ ಇಪ್ಪತ್ನಾಲ್ಕು ವರ್ಷದ ಹುಡುಗನೊಬ್ಬ ಅಂಡಮಾನಿನ ಉತ್ತರ ಸೆಂಟಿನೆಲ್ ದ್ವೀಪಕ್ಕೆ ಕದ್ದು ಹೋಗಿ, ಮರಳಿನ ಮೇಲೆ ಒಂದು ಕೋಕ್ ಡಬ್ಬಿಯನ್ನೂ ಒಂದು ತೆಂಗಿನಕಾಯಿಯನ್ನೂ ಇಟ್ಟು ಬಂದು ಪೊಲೀಸರ ಕೈಗೆ ಸಿಕ್ಕಿಬಿದ್ದ. ಅವನು ಧರ್ಮಪ್ರಚಾರಕ್ಕೆ ಹೋದವನಲ್ಲ, ಹುಚ್ಚು ಸಾಹಸಕ್ಕೆ ಹೋದವನು. ಆದರೂ ಪೇಪರಿನಲ್ಲಿ ಆ ಸುದ್ದಿ ಬಂದ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಏಳು ವರ್ಷದ ಹಿಂದಿನ ವಾದ ಮತ್ತೆ ಹೊತ್ತಿಕೊಂಡಿತು. ಅದೇ ದ್ವೀಪದಲ್ಲಿ 2018ರ ನವೆಂಬರಿನಲ್ಲಿ ಸತ್ತ ಜಾನ್ ಅಲೆನ್ ಚೌ ಎಂಬ ಹುಡುಗನ ವಾದ.

ಅವನಿಗೆ ಆಗ ಇಪ್ಪತ್ತಾರು ವರ್ಷ. ಅಮೆರಿಕದ ಒಂದು ಮಿಷನರಿ ಸಂಸ್ಥೆ, ಆಲ್ ನೇಷನ್ಸ್ ಎಂದು ಹೆಸರು, ಅವನಿಗೆ ತರಬೇತಿ ಕೊಟ್ಟಿತ್ತು. ಆ ತರಬೇತಿಯಲ್ಲಿ ಒಂದು ಸುಳ್ಳು ಹಳ್ಳಿ ಮಾಡಿ, ಈಟಿ ಹಿಡಿದ ಕಾಡುಜನರಂತೆ ಕೆಲವರಿಂದ ವೇಷ ಕಟ್ಟಿಸಿ, ಅವರ ನಡುವೆ ಇವನನ್ನು ಬಿಟ್ಟು ಅಭ್ಯಾಸ ಮಾಡಿಸಿದ್ದರಂತೆ. ಓದಿದಾಗ ನನಗೆ ನಮ್ಮ ಬಿಎಡ್ ಕಾಲೇಜಿನ ಪಾಠಾಭ್ಯಾಸ ನೆನಪಾಯಿತು. ಅಲ್ಲಿಯೂ ನಮ್ಮ ಸಹಪಾಠಿಗಳೇ ವಿದ್ಯಾರ್ಥಿಗಳಾಗಿ ಕೂರುತ್ತಿದ್ದರು, ನಾವು ಕೇಳಿದ್ದಕ್ಕೆಲ್ಲ ಸರಿಯುತ್ತರ ಕೊಡುತ್ತಿದ್ದರು. ನಿಜವಾದ ಏಳನೇ ಕ್ಲಾಸಿಗೆ ಹೋದ ದಿನ ಗೊತ್ತಾಯಿತು ಬಿಡಿ.

ಅಂಡಮಾನಿಗೆ ಅವನು ಹಿಂದೆಯೂ ಬಂದು ಹೋಗಿದ್ದ. ಈ ಸಲ ಪೋರ್ಟ್ ಬ್ಲೇರ್‌ನಲ್ಲಿದ್ದುಕೊಂಡು (ಆ ಊರಿಗೆ 2024ರಲ್ಲಿ ಶ್ರೀವಿಜಯಪುರಂ ಎಂದು ಹೆಸರಿಟ್ಟಿದ್ದಾರೆ) ಮೀನುಗಾರರಿಗೆ ಇಪ್ಪತ್ತೈದು ಸಾವಿರ ರೂಪಾಯಿ ಕೊಟ್ಟು, ಕಾವಲಿನವರ ಕಣ್ಣು ತಪ್ಪಿಸಿ ರಾತ್ರಿ ದೋಣಿಯಲ್ಲಿ ಹೊರಟ. ದ್ವೀಪದ ಸುತ್ತ ಐದು ನಾಟಿಕಲ್ ಮೈಲಿಯೊಳಗೆ ಯಾರೂ ಹೋಗಕೂಡದೆಂಬ ನಿಯಮವಿದೆ. ಅಲ್ಲಿಯ ಮೂಲನಿವಾಸಿಗಳ ರಕ್ಷಣೆಗೆ 1956ರಿಂದ ಕಾನೂನೂ ಇದೆ. ಅದೇ 2018ರ ಆಗಸ್ಟಿನಲ್ಲಿ ನಮ್ಮ ಕೇಂದ್ರ ಸರ್ಕಾರ ವಿದೇಶಿ ಪ್ರವಾಸಿಗರ ಪರವಾನಗಿ ಸಡಿಲಿಸಿದ 29 ದ್ವೀಪಗಳ ಪಟ್ಟಿಯಲ್ಲಿ ಈ ದ್ವೀಪವನ್ನೂ ಸೇರಿಸಿತ್ತು ಎಂಬುದನ್ನೂ ಹೇಳಬೇಕು. ಉಳಿದ ಕಾನೂನುಗಳು ಹಾಗೇ ಇದ್ದವು, ನಿಜ. ಆದರೆ ಬೀಗ ಹಾಕಿದ ಬಾಗಿಲ ಮೇಲೆ ‘ಸ್ವಾಗತ’ ಎಂಬ ಬೋರ್ಡು ತೂಗುಹಾಕಿದ ಹಾಗಾಯಿತಲ್ಲ!

ನವೆಂಬರ್ 15ರಂದು ಚೌ ಪುಟ್ಟ ದೋಣಿಯೊಂದರಲ್ಲಿ ದಡದ ಹತ್ತಿರ ಹೋದ. ಜೊತೆಗೆ ಒಯ್ದಿದ್ದ ಉಡುಗೊರೆಗಳು ಮೀನು, ಕತ್ತರಿ, ಗಾಳದ ದಾರ, ಒಂದು ಫುಟ್‌ಬಾಲು, ಸೇಫ್ಟಿ ಪಿನ್ನು. ಬಟ್ಟೆಯನ್ನೇ ಉಡದ ಜನಕ್ಕೆ ಸೇಫ್ಟಿ ಪಿನ್ನು! ನಾವು ಹೆಂಗಸರಾದರೆ ಬಳೆಗೆ ನಾಲ್ಕು ಸಿಕ್ಕಿಸಿಕೊಂಡೇವು, ಅವರೇನು ಮಾಡಬೇಕು? ತಾನು ಅವರನ್ನು ಪ್ರೀತಿಸುವುದಾಗಿಯೂ ಯೇಸು ಅವರನ್ನು ಪ್ರೀತಿಸುವುದಾಗಿಯೂ ಇಂಗ್ಲಿಷಿನಲ್ಲಿ ಕೂಗಿ ಹೇಳಿದ. ಅವರ ಭಾಷೆ ಲೋಕದಲ್ಲಿ ಯಾರಿಗೂ ಬರುವುದಿಲ್ಲ. ಅವರು ಬಿಲ್ಲಿಗೆ ಬಾಣ ಹೂಡಿದರು, ಇವನು ಹಿಂದೆ ಬಂದ. ಮತ್ತೆ ಹೋದ. ಆ ಸಲ ಒಬ್ಬ ಹುಡುಗ ಬಿಟ್ಟ ಬಾಣ ಇವನು ಎದೆಗೆ ಹಿಡಿದಿದ್ದ ಬೈಬಲ್ಲಿಗೆ ನಾಟಿತು. ಪುಟ್ಟ ದೋಣಿ ಅಲ್ಲೇ ಉಳಿಯಿತು, ಈಜಿಕೊಂಡು ಮೀನುಗಾರರ ದೋಣಿಗೆ ಬಂದ.

ಇಲ್ಲಿಗೆ ಮುಗಿಯಬೇಕಿತ್ತು. ಕೊನೆಯ ಸಂಜೆ ಅವನು ದೋಣಿಯಲ್ಲಿ ಕುಳಿತು ಡೈರಿ ಬರೆದಿದ್ದಾನೆ. ಸೂರ್ಯ ಮುಳುಗುವುದು ಬಹಳ ಚಂದ ಕಾಣುತ್ತಿದೆಯೆಂದು, ಇದೇ ಕೊನೆಯ ಸೂರ್ಯಾಸ್ತವೇನೋ ಎಂದು ಕಣ್ಣೀರು ಬರುತ್ತಿದೆಯೆಂದು, ಸಾಯಲು ಇಷ್ಟವಿಲ್ಲವೆಂದು ಬರೆದಿದ್ದಾನೆ. ತಾನು ಸತ್ತರೆ ಆ ಜನರ ಮೇಲೆ ಕೋಪ ಮಾಡಿಕೊಳ್ಳಬೇಡಿ ಎಂದು ಮನೆಯವರಿಗೂ ಬರೆದಿದ್ದಾನೆ. ಆಮೇಲೆ ತನ್ನನ್ನು ದಡದಲ್ಲಿ ಬಿಟ್ಟು ಹೊರಟುಹೋಗುವಂತೆ ಮೀನುಗಾರರಿಗೆ ಹೇಳಿ ಮೂರನೆಯ ಸಲ ಹೋದ. 17ರ ಬೆಳಿಗ್ಗೆ ಅವರು ದೂರದಿಂದ ಕಂಡದ್ದು, ದ್ವೀಪದವರು ಒಂದು ಹೆಣವನ್ನು ಎಳೆದು ಮರಳಿನಲ್ಲಿ ಹೂಳುತ್ತಿದ್ದುದನ್ನು.

ಆ ಡೈರಿಯ ಸಂಗತಿ ಓದಿ ನನಗೂ ಕಣ್ಣು ತುಂಬಿತು. ಅವನ ವಯಸ್ಸಿನ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಮನೆಯವರು ದ್ವೀಪದ ಜನರನ್ನು ಕ್ಷಮಿಸಿದ್ದೇವೆ, ಮೀನುಗಾರರನ್ನು ಬಿಟ್ಟುಬಿಡಿ ಎಂದರು. ಆದರೆ ಅವನ ತಂದೆ ಮುಂದೊಂದು ದಿನ ಪತ್ರಿಕೆಯೊಂದರ ಮುಂದೆ ತಮ್ಮ ಸಿಟ್ಟನ್ನು ಯಾರ ಮೇಲೆ ತೋಡಿಕೊಂಡರು ಗೊತ್ತೆ? ಬಾಣ ಬಿಟ್ಟವರ ಮೇಲಲ್ಲ, ಮಗನ ತಲೆಯಲ್ಲಿ ಇಂಥ ಕನಸನ್ನು ತುಂಬಿದವರ ಮೇಲೆ. ಹೆತ್ತವರಿಗೆ ಮಾತ್ರ ಹೊಳೆಯುವ ಸತ್ಯ ಅದು.

ನಮ್ಮ ಸ್ಟಾಫ್ ರೂಮಿನಲ್ಲಿ ಆದದ್ದೇನೆಂದರೆ, ಎರಡು ಪಂಗಡ. “ಮತಾಂತರ ಮಾಡೋಕೆ ಹೋದ, ತಕ್ಕ ಶಾಸ್ತಿ ಆಯ್ತು ಬಿಡಿ” ಎಂದು ಒಂದು ಪಂಗಡ. “ಪಾಪ, ಒಳ್ಳೇದು ಮಾಡೋಕೆ ಹೋದೋನ್ನ ಕೊಂದ್ರಲ್ಲ, ಆ ಕಾಡುಜನಕ್ಕೆ ಏನು ಗೊತ್ತಾಗುತ್ತೆ” ಎಂದು ಇನ್ನೊಂದು. ಅಮೆರಿಕದಲ್ಲಿ ಕೆಲವರು ಅವನನ್ನು ಹುತಾತ್ಮನೆಂದೂ ಕರೆದರು. ನನಗೆ ಯಾವ ಪಂಗಡದ ಮಾತೂ ಸರಿಬರಲಿಲ್ಲ. ಒಬ್ಬ ತಾಯಿಯ ಮಗ ಸತ್ತದ್ದಕ್ಕೆ ನಗುವವರ ಜೊತೆ ನಾನು ಕೂರಲಾರೆ. ‘ಅವರಿಗೇನು ಗೊತ್ತು’ ಎನ್ನುವವರ ಜೊತೆಯಂತೂ ಕೂರಲೇ ಆರೆ.

ಅವರಿಗೇನು ಗೊತ್ತು ಎಂಬುದನ್ನೇ ಸ್ವಲ್ಪ ನೋಡೋಣ. 1880ರಲ್ಲಿ ಪೋರ್ಟ್‌ಮನ್ ಎಂಬ ಇಂಗ್ಲಿಷ್ ಅಧಿಕಾರಿ ತನ್ನ ದಂಡು ಕಟ್ಟಿಕೊಂಡು ಈ ದ್ವೀಪಕ್ಕೆ ಹೋಗಿ, ಒಬ್ಬ ಮುದುಕ, ಒಬ್ಬ ಮುದುಕಿ, ನಾಲ್ಕು ಮಕ್ಕಳನ್ನು ಹಿಡಿದು ಪೋರ್ಟ್ ಬ್ಲೇರ್‌ಗೆ ತಂದ. ಅವರನ್ನು ಪಳಗಿಸಿ ಸ್ನೇಹ ಬೆಳೆಸುವುದು ಅವನ ಉದ್ದೇಶ. ಬಂದ ಆರೂ ಜನ ಕಾಯಿಲೆ ಬಿದ್ದರು. ಮುದುಕ ಮುದುಕಿ ಇಬ್ಬರೂ ಸತ್ತರು. ಮಕ್ಕಳ ಕೈತುಂಬ ಉಡುಗೊರೆ ಕೊಟ್ಟು ವಾಪಸು ಬಿಟ್ಟುಬಂದ. ಆ ಉಡುಗೊರೆಗಳನ್ನು ನೋಡಿದಾಗ ಆ ಮಕ್ಕಳ ತಾಯಂದಿರಿಗೆ ಏನನ್ನಿಸಿರಬೇಕು? ಹೊರಗಿನಿಂದ ಬರುವವರ ಬಗ್ಗೆ ಆ ದ್ವೀಪದವರು ಕಲಿತ ಪಾಠ ಇದು. ನಾನು ಸಮಾಜ ಪಾಠ ಮಾಡುವವಳು. ಇದಕ್ಕಿಂತ ಗಟ್ಟಿಯಾದ ಪಾಠವನ್ನು ಯಾವ ಪಠ್ಯಪುಸ್ತಕವೂ ಕಲಿಸಲಾರದು.

ಸುತ್ತಲಿನ ದ್ವೀಪಗಳ ಕಥೆ ಇನ್ನೂ ಕೆಟ್ಟದು. 1858ರಲ್ಲಿ ಇಂಗ್ಲಿಷರು ಅಂಡಮಾನಿನಲ್ಲಿ ಕೈದಿಗಳ ವಸಾಹತು ಹೂಡಿದಾಗ ಗ್ರೇಟ್ ಅಂಡಮಾನೀಸ್ ಎಂಬ ಜನ ಸಾವಿರಗಟ್ಟಲೆ ಇದ್ದರು. ಅವರಿಗಾಗಿ ‘ಅಂಡಮಾನ್ ಹೋಮ್’ ಎಂಬ ಆಶ್ರಯವನ್ನೂ ಕಟ್ಟಿದರು. ಸಿಫಿಲಿಸ್ ಬಂತು, ದಡಾರ ಬಂತು. 1961ರ ಹೊತ್ತಿಗೆ ಉಳಿದವರು ಬರೀ 19 ಜನ. ಅವರ ಭಾಷೆಗಳಲ್ಲಿ ಒಂದಾದ ‘ಬೋ’ ಭಾಷೆಯನ್ನು ಆಡಬಲ್ಲ ಕೊನೆಯ ಹೆಂಗಸು 2010ರ ಜನವರಿಯಲ್ಲಿ ತೀರಿಕೊಂಡಳು. ಮಾತಾಡಲು ಜೊತೆಯಿಲ್ಲದೆ ಹಕ್ಕಿಗಳ ಹತ್ತಿರ ಮಾತಾಡುತ್ತಿದ್ದಳಂತೆ. ಇತ್ತ ಜಾರವಾ ಜನ 1998ರ ಸುಮಾರಿಗೆ ಕಾಡಿನಿಂದ ಹೊರಗೆ ಬರತೊಡಗಿದ ಮರುವರ್ಷವೇ ಅವರಲ್ಲಿ ದಡಾರ ಹಬ್ಬಿತು. ಚೌ ಲಸಿಕೆಗಳನ್ನು ಹಾಕಿಸಿಕೊಂಡಿದ್ದ, ಕೆಲವು ದಿನ ಒಂಟಿಯಾಗಿದ್ದು ಹೋಗಿದ್ದ ಎಂದು ಅವನನ್ನು ಕಳಿಸಿದವರು ಸಮರ್ಥಿಸಿಕೊಳ್ಳುತ್ತಾರೆ. 2020ರಲ್ಲಿ ಕೊರೊನಾ ಬಂದ ಮೇಲಾದರೂ ನಮಗೆ ಗೊತ್ತಾಗಿದೆಯಲ್ಲ, ಆರೋಗ್ಯವಾಗಿ ಕಾಣುವವನೇ ಕಾಯಿಲೆ ಹೊತ್ತು ತರಬಲ್ಲ ಎಂದು. ಆ ದ್ವೀಪದಲ್ಲಿರುವವರನ್ನು ಸರಿಯಾಗಿ ಎಣಿಸಿದವರೇ ಇಲ್ಲ. 2011ರ ಜನಗಣತಿಯವರು ದೂರದಿಂದ ನೋಡಿ ಬರೆದುಕೊಂಡ ಲೆಕ್ಕ 15. ಅಂಥ ಕಡೆ ಒಂದು ನೆಗಡಿ ಸಾಕು.

ಹಾಗೆಂದು ಅವರು ಯಾರನ್ನೂ ಹತ್ತಿರ ಸೇರಿಸದ ಜನವೇನಲ್ಲ. 1991ರ ಜನವರಿ 4ರಂದು ನಮ್ಮ ಮಾನವಶಾಸ್ತ್ರ ಇಲಾಖೆಯ ತಂಡವೊಂದು ಹೋಗಿ ದೋಣಿಯಿಂದ ತೆಂಗಿನಕಾಯಿಗಳನ್ನು ನೀರಿಗೆ ತೇಲಿಬಿಟ್ಟಿತು. ಆ ದ್ವೀಪದಲ್ಲಿ ತೆಂಗು ಬೆಳೆಯುವುದಿಲ್ಲ. ಅವರು ಈಜಿಕೊಂಡು ಬಂದು ತೆಗೆದುಕೊಂಡರು. ತಂಡದಲ್ಲಿ ಮಧುಮಾಲಾ ಚಟ್ಟೋಪಾಧ್ಯಾಯ ಎಂಬ ಹೆಂಗಸು ಇದ್ದರು. ಒಬ್ಬ ಹುಡುಗ ದೋಣಿಯ ಕಡೆ ಬಾಣ ಗುರಿಯಿಟ್ಟಾಗ, ದಡದಲ್ಲಿದ್ದ ದ್ವೀಪದ ಹೆಂಗಸೊಬ್ಬಳು ಅವನನ್ನು ತಳ್ಳಿದಳು, ಬಾಣ ನೀರಿಗೆ ಬಿತ್ತು. ಎರಡು ಕಡೆಯ ಇಬ್ಬರು ಹೆಂಗಸರು, ಒಂದು ಮಾತೂ ಇಲ್ಲದೆ! ಅಂದರೆ ಅವರಿಗೆ ‘ಬಾ’ ಎನ್ನಲೂ ಬರುತ್ತದೆ, ‘ಸಾಕು, ಹೋಗು’ ಎನ್ನಲೂ ಬರುತ್ತದೆ. ಆಮೇಲೆ ಒಂದಷ್ಟು ವರ್ಷದಲ್ಲೇ ಸರ್ಕಾರ ಇಂಥ ಭೇಟಿಗಳನ್ನು ನಿಲ್ಲಿಸಿತು. ದೂರದಿಂದ ಕಣ್ಣಿಡುವುದು, ಕೈಯಿಡದಿರುವುದು ಈಗಿನ ನೀತಿ. 2004ರ ಸುನಾಮಿಯ ನಂತರ ಏನಾದರೋ ಎಂದು ನೋಡಲು ಹೋದ ಹೆಲಿಕಾಪ್ಟರಿನ ಮೇಲೆ ಒಬ್ಬ ಬಾಣ ಗುರಿಯಿಟ್ಟ ಚಿತ್ರವನ್ನು ನೀವೂ ನೋಡಿರಬಹುದು. ನಾವು ಬದುಕಿದ್ದೇವೆ, ನೀವು ಹೊರಡಿ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳುವುದು?

ಮತಾಂತರದ ಮಾತೆತ್ತಿ ನಕ್ಕವರಿಗೆ ಈಗ ನನ್ನದೊಂದು ಪ್ರಶ್ನೆ. ನಮ್ಮ ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣವಾದ ಮೇಲೆ ಅಂಡಮಾನ್ ಪ್ರವಾಸ ನಮ್ಮವರಿಗೆ ಧರ್ಮಸ್ಥಳದಷ್ಟು ಹತ್ತಿರವಾಗಿದೆ. ಹೋಗಿಬಂದ ಪರಿಚಯದವರೊಬ್ಬರು “ಜಾರವಾದವ್ರನ್ನ ನೋಡಿದ್ವಿ ಕಣ್ರೀ, ಬಸ್ಸಿನ ಕಿಟಕೀಲಿ ಬಿಸ್ಕತ್ತು ಎಸೆದ್ವಿ, ಒಂದು ಮಗು ಎಷ್ಟು ಚೆನ್ನಾಗಿ ಹಿಡ್ಕೊಳ್ತು ಅಂತೀರಿ” ಎಂದು ಹೇಳಿದರು. ಅವರು ಚೌತಿಯ ದಿನ ಕರೆಯದೆ ಯಾರ ಮನೆಗೂ ಕಾಲಿಡದವರು! ಜಾರವಾ ಕಾಡಿನ ನಡುವೆ ಹಾಯ್ದುಹೋಗುವ ಆ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತು. ತಿಂಡಿಯ ಆಸೆ ತೋರಿಸಿ ಜಾರವಾ ಹೆಣ್ಣುಮಕ್ಕಳನ್ನು ಕುಣಿಸಿದ ವಿಡಿಯೋ 2012ರಲ್ಲಿ ಲೋಕಕ್ಕೆಲ್ಲ ಗೊತ್ತಾಯಿತು. ಆ ಬಸ್ಸುಗಳಲ್ಲಿ ಕುಳಿತವರೇನು ಮಿಷನರಿಗಳೆ? ನಮ್ಮ ನಿಮ್ಮಂಥವರು. ಚೌ ಕನಿಷ್ಠಪಕ್ಷ ತನ್ನ ಪ್ರಾಣವನ್ನು ಒತ್ತೆಯಿಟ್ಟ. ಬಿಸ್ಕತ್ತು ಎಸೆದವರು ಒತ್ತೆಯಿಟ್ಟದ್ದು ಹತ್ತು ರೂಪಾಯಿ.

ಈ ಎಸೆಯುವ ಕೈಯನ್ನು ನಾನು ಶಾಲೆಯಲ್ಲೂ ಕಂಡಿದ್ದೇನೆ. ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಗೆ, ಹೆಸರು ಬೇಡ, ಹೊರದೇಶದ ಒಂದು ಚರ್ಚಿನ ಯುವಕ ಯುವತಿಯರ ತಂಡ ಹತ್ತು ದಿನದ ಸೇವೆಗೆಂದು ಬಂದಿತ್ತು. ಒಳ್ಳೆಯ ಮಕ್ಕಳೇ. ಬಿಸಿಲಿನಲ್ಲಿ ಮೈ ಕೆಂಪಾಗಿಸಿಕೊಂಡು ಕಾಂಪೌಂಡ್ ಗೋಡೆಗೆ ಬಣ್ಣ ಬಳಿದರು. ಒಂದು ಕಡೆ ಹೂ, ಒಂದು ಕಡೆ ಚಿಟ್ಟೆ, ಒಂದು ಕಡೆ ಕಾಮನಬಿಲ್ಲು. ನಮ್ಮ ಶಾಲೆಯ ಒಬ್ಬ ಹುಡುಗನ ಅಪ್ಪ ಬಣ್ಣ ಹೊಡೆಯುವ ಕೆಲಸದವನು. ಅವನು ಗೇಟಿನ ಹತ್ತಿರ ನಿಂತು ನೋಡುತ್ತ, “ಇದನ್ನ ನಾನು ಎರಡು ದಿನದಲ್ಲಿ ಹೊಡೀತಿದ್ದೆ ಮೇಡಂ, ಕೂಲಿನೂ ಬರ್ತಿತ್ತು” ಎಂದ. ನಮಗೆ ಬೇಕಾಗಿದ್ದದ್ದು ಗೋಡೆಯ ಮೇಲಿನ ಚಿಟ್ಟೆಯಲ್ಲ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರೆತ್ತುವ ಮೋಟಾರು. ಅದು ಸುಟ್ಟು ನಾಲ್ಕು ತಿಂಗಳಾಗಿತ್ತು. ಎಂಟು ಒಂಬತ್ತನೇ ಕ್ಲಾಸಿನ ಹುಡುಗಿಯರು ತಿಂಗಳಲ್ಲಿ ಮೂರು ದಿನ ಶಾಲೆಗೇ ಬರುತ್ತಿರಲಿಲ್ಲ. ಅವರನ್ನು ಕೇಳಿದ್ದರೆ ಹೇಳುತ್ತಿದ್ದರು. ಯಾರೂ ಕೇಳಲಿಲ್ಲ, ಏಕೆಂದರೆ ಏನು ಮಾಡಬೇಕೆಂಬುದು ಅಲ್ಲಿ, ಅವರ ದೇಶದಲ್ಲಿ, ಟಿಕೆಟ್ಟು ತೆಗೆಸುವಾಗಲೇ ಗೊತ್ತಾಗಿತ್ತು. ಮೋಟಾರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡರೆ ಚೆನ್ನಾಗಿಯೂ ಬರುವುದಿಲ್ಲ.

ಕೊನೆಯ ದಿನ ಬಂತು. ಶಾಮಿಯಾನ, ಹಾರ, ಪೇಟ. ಕ್ರಯಾನ್ಸು, ಟೂತ್‌ಬ್ರಷ್ಷು ಇಟ್ಟ ಚೀಲಗಳನ್ನು ಮಕ್ಕಳಿಗೆ ಹಂಚಿದರು. ಮಕ್ಕಳು ಹಾಡಿದರು. ಆ ಹುಡುಗಿಯರು ಅಳತೊಡಗಿದರು, ಅವರನ್ನು ನೋಡಿ ಒಂದನೇ ಎರಡನೇ ಕ್ಲಾಸಿನ ಮಕ್ಕಳೂ ಅತ್ತವು. ಅಪ್ಪಿಕೊಂಡು ಅಳುವುದನ್ನೂ ಫೋಟೋ ತೆಗೆದರು. ವ್ಯಾನು ವಿಮಾನ ನಿಲ್ದಾಣದ ಕಡೆ ಹೊರಟಿತು. ಅವರ ಕಣ್ಣೀರು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸೋಮವಾರ ಬೆಳಿಗ್ಗೆ ಒಂದನೇ ಕ್ಲಾಸಿನ ಒಂದು ಮಗು, ಅದಕ್ಕೆ ತಾಯಿ ಇರಲಿಲ್ಲ, ಪ್ರಾರ್ಥನೆಗೆ ನಿಲ್ಲದೆ ಗೇಟಿನ ಕಡೆ ಹೋಗಿ ನಿಂತಿತ್ತು. “ಆ ಅಕ್ಕ ಇವತ್ತು ಬರಲ್ವಾ ಮಿಸ್?” ಎಂದು ಕೇಳಿತು. ಮಂಗಳವಾರವೂ ಕೇಳಿತು. ಆ ಪ್ರಶ್ನೆಗೆ ಉತ್ತರ ಕೊಡುವ ಸೇವೆ ಯಾರ ಪಾಲಿಗೆ ಬಂತು? ನಮ್ಮ ಪಾಲಿಗೆ. ಹತ್ತು ದಿನ ಪ್ರೀತಿ ಹಂಚುವವರು ಹನ್ನೊಂದನೇ ದಿನದ ಲೆಕ್ಕವನ್ನು ಇಡುವುದೇ ಇಲ್ಲ.

ಇದು ಬರೀ ಚರ್ಚಿನವರ ಚಾಳಿ ಎಂದುಕೊಂಡು ಯಾರೂ ಬೀಗಬೇಡಿ. ಬೆಂಗಳೂರಿನ ಕಂಪನಿಯವರು ಶನಿವಾರ ಒಂದೇ ಬಣ್ಣದ ಟೀ ಶರ್ಟು ಹಾಕಿಕೊಂಡು ಬಂದು ಹೋದ ವರ್ಷ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ಗಿಡ ನೆಡುತ್ತಾರೆ. ಹಳೆಯದು ಒಣಗಿದ್ದರಿಂದ ಗುಂಡಿ ತೋಡುವ ಶ್ರಮ ಉಳಿಯುತ್ತದೆ. ನಾಯಕರ ಹುಟ್ಟುಹಬ್ಬಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಒಂದು ಬ್ರೆಡ್ಡಿಗೆ ಆರು ಕೈ ಸೇರಿಸಿ ಬಾಣಂತಿಗೆ ಕೊಡುತ್ತಾರೆ. ಅವಳು ಸೆರಗಿನಿಂದ ಎದೆ ಮುಚ್ಚಿಕೊಳ್ಳುವಷ್ಟೂ ಪುರುಸೊತ್ತು ಕೊಡದೆ ಫೋಟೋ ತೆಗೆಯುತ್ತಾರೆ. ಅವಳು ‘ಬೇಡ’ ಎನ್ನುವ ಹಾಗಿದೆಯೆ? ಆ ದ್ವೀಪದವರ ಕೈಯಲ್ಲಾದರೂ ಬಿಲ್ಲು ಇತ್ತು.

ನಿಜವಾದ ಮಾತು ಇಲ್ಲೇ ಇರುವುದು. ಯಾರಿಗೆ ಸೇವೆ ಮಾಡುತ್ತೀರೋ ಅವರಿಗೆ ‘ಬೇಡ’ ಎನ್ನುವ ಹಕ್ಕು ಇದೆಯೇ? ಅವರು ಹಾಗೆಂದರೆ ನೀವು ಹಿಂದಿರುಗುತ್ತೀರಾ? ಇಲ್ಲವಾದರೆ ಆ ಸೇವೆ ನಿಮ್ಮ ಪುಣ್ಯಕ್ಕೆ, ನಿಮ್ಮ ಸ್ವರ್ಗಕ್ಕೆ, ನಿಮ್ಮ ಆಲ್ಬಮ್ಮಿಗೆ. ಇದನ್ನು ಗಂಡಸರಿಗೆ ಬಿಡಿಸಿ ಹೇಳಬೇಕಾಗಬಹುದು, ನಿಮಗೆ ಹೇಳಬೇಕಿಲ್ಲ. ಹೆಣ್ಣಿನ ‘ಬೇಡ’ವನ್ನು ನಾಚಿಕೆ ಎಂದೋ ಹಟ ಎಂದೋ ತಿಳಿಗೇಡಿತನ ಎಂದೋ ಓದಿಕೊಂಡು, ಅವಳ ಒಳ್ಳೆಯದಕ್ಕೇ ಎಂದು ಎಲ್ಲವನ್ನೂ ಮಾಡಿ ಮುಗಿಸುವ ಮನೆಗಳಲ್ಲಿ ಬೆಳೆದವರು ನಾವು. ಕೆಲವು ವರ್ಷದ ಹಿಂದೆ ನನ್ನ ಹತ್ತನೇ ಕ್ಲಾಸಿನ ಒಬ್ಬಳು ಹುಡುಗಿ, ಅವಳ ಮನೆಯಲ್ಲಿ ಮಗ್ಗವಿತ್ತು, ಗಣಿತದಲ್ಲಿ ಗಟ್ಟಿಗಿತ್ತಿ, “ನನಗೆ ಈ ಮದುವೆ ಬೇಡ ಮಿಸ್” ಎಂದು ನನ್ನ ಸೆರಗು ಹಿಡಿದು ಅತ್ತಳು. ಮನೆಗೆ ಹೋಗಿ ಮಾತಾಡಿದೆ. ಅವಳ ಸೋದರಮಾವ ನಗುತ್ತ, “ಮಕ್ಕಳಿಗೇನು ಗೊತ್ತಾಗುತ್ತೆ ಮೇಡಂ, ಅವಳ ಒಳ್ಳೇದಕ್ಕೇ ತಾನೆ” ಎಂದ. ಪ್ರೀತಿಯಿಂದಲೇ ಹೇಳಿದ. ಮದುವೆ ನಿಲ್ಲಿಸಲು ತಹಸೀಲ್ದಾರರ ಕಚೇರಿಯವರೆಗೂ ಹೋಗಬೇಕಾಯಿತು. ‘ಕಾಡುಜನಕ್ಕೆ ಏನು ಗೊತ್ತಾಗುತ್ತೆ’ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದಾಗ ನನಗೆ ಕಾಣಿಸಿದ್ದು ಆ ಸೋದರಮಾವನ ನಗುಮುಖ.

ನಮ್ಮ ಇಂಗ್ಲಿಷ್ ಟೀಚರು ಚರ್ಚಿಗೆ ಹೋಗುವವರು. ಇಷ್ಟು ಹೊತ್ತು ಸುಮ್ಮನಿದ್ದವರು, “ಹಾಗಾದ್ರೆ ಮೇಡಂ, ನಮ್ಮಜ್ಜಿಗೆ ಅಕ್ಷರ ಕಲಿಸಿದವ್ರೂ ಕರೀದೆ ಬಂದವ್ರೇ ಅಲ್ವಾ? ಅವರು ಬರದಿದ್ರೆ ನಾನೂ ಇಲ್ಲಿ ಕೂತಿರ್ತಿರ್ಲಿಲ್ಲ, ನೀವೂ ಕೂತಿರ್ತಿರ್ಲಿಲ್ಲ” ಎಂದರು. ತಳ್ಳಿಹಾಕುವ ಮಾತಲ್ಲ. 1840ರ ದಶಕದಲ್ಲಿ ಬೆಂಗಳೂರಿನ ಪೇಟೆಯಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆ ತೆರೆದವರು ಲಂಡನ್ ಮಿಷನ್ನಿನ ಹೆಂಗಸರು. ಮಿಷನ್ನಿನವರು ಬಂದದ್ದು ಕಂಪನಿ ಸರ್ಕಾರದ ನೆರಳಿನಲ್ಲಿ, ತಮ್ಮ ಮತವನ್ನು ಹರಡುವುದಕ್ಕೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಬಂದ ಮೇಲೆ ಏನು ಮಾಡಿದರು ನೋಡಿ. ಪಠ್ಯಪುಸ್ತಕಕ್ಕೆಂದು ಅವೆನ್ಯೂ ರಸ್ತೆಗೆ ಹೋದಾಗ ರೈಸ್ ಮೆಮೋರಿಯಲ್ ಚರ್ಚನ್ನು ನೀವು ನೋಡಿರುತ್ತೀರಿ. ಆ ಬೆಂಜಮಿನ್ ರೈಸ್ 1837ರಲ್ಲಿ ಬಂದವರು, ಐವತ್ತು ವರ್ಷ ಇಲ್ಲೇ ಇದ್ದು 1887ರಲ್ಲಿ ತೀರಿಕೊಂಡರು. ಕಿಟ್ಟೆಲ್ 1853ರಲ್ಲಿ ಬಂದರು, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಹೇಳುವುದಕ್ಕೆ ಮೊದಲು ಕೇಳಿಸಿಕೊಂಡರು. ಮಗಳನ್ನು ಶಾಲೆಗೆ ಕಳಿಸುವುದಿಲ್ಲ ಎನ್ನುವ ತಂದೆತಾಯಿಗಳ ಮನೆಬಾಗಿಲಿಗೆ ಮರುದಿನವೂ, ಮರುವರ್ಷವೂ ಅದೇ ಮುಖ ಹೊತ್ತು ಹೋಗಬೇಕಿತ್ತು. ವ್ಯಾನು ಹತ್ತಿ ಹೊರಟುಬಿಡುವ ಹಾಗಿರಲಿಲ್ಲ.

ದ್ವೀಪದ ಮಾತು ಬಂತಲ್ಲ, ನಮ್ಮ ಶ್ರೀರಂಗಪಟ್ಟಣವೂ ಕಾವೇರಿ ನಡುವಿನ ದ್ವೀಪವೇ. 1799ರಲ್ಲಿ ಟಿಪ್ಪು ಸತ್ತ ಮೇಲೆ ಅಲ್ಲಿ ಉಳಿದಿದ್ದ ಕ್ರೈಸ್ತರನ್ನು ನೋಡಿಕೊಳ್ಳಲು ಬಂದವರು ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿ. ಇಲ್ಲಿಯವರಂತೆ ಬಟ್ಟೆ ತೊಟ್ಟು, ಇಲ್ಲಿಯವರಂತೆ ಊಟ ಮಾಡಿ, ಸಿಡುಬು ತಡೆಯಲು ಸಾವಿರಾರು ಜನಕ್ಕೆ ದೇವಿ ಹಾಕಿಸಿದರು. 31 ವರ್ಷ ಭಾರತದಲ್ಲಿದ್ದು 1823ರ ಜನವರಿಯಲ್ಲಿ ಹೊರಟರು. ಆ ವರ್ಷವೇ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಅಚ್ಚಾಯಿತು. ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವ ಕೆಲಸ ಆಗುವಂಥದ್ದಲ್ಲ ಎಂದು ಅದರಲ್ಲಿ ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ಉಳಿದ ಮಿಷನರಿಗಳು ಕೆಂಡಾಮಂಡಲವಾದರು. ದುಬಾಯ್ ನಮ್ಮ ಬಗ್ಗೆ ಬರೆದದ್ದರಲ್ಲಿ ನನಗೆ ಸಿಟ್ಟು ಬರಿಸುವ ಮಾತುಗಳು ಬೇಕಾದಷ್ಟಿವೆ, ಅವರನ್ನು ಹೊಗಳಿ ಅಟ್ಟಕ್ಕೇರಿಸುವ ಇರಾದೆ ನನಗಿಲ್ಲ. ಆದರೂ ಆ ಮನುಷ್ಯನಿಗೆ ‘ಬೇಡ’ ಎಂಬುದು ಕೇಳಿಸಿತು. ಮೂವತ್ತೊಂದು ವರ್ಷ ಹಿಡಿಯಿತು, ಆದರೆ ಕೇಳಿಸಿತು.

ಹೊರಗಿನಿಂದ ಬಂದವರೆಲ್ಲ ಹೊರಟುಹೋಗಿ ಎಂದು ನಾನು ಹೇಳುತ್ತಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ನಡುವೆ 1981ರಲ್ಲಿ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದ ಡಾ. ಸುದರ್ಶನ್ ಕೂಡ ಹೊರಗಿನವರೇ. ಔಷಧಿಯ ಪೆಟ್ಟಿಗೆ ಹೊತ್ತು ಹೋಗಿ ಸಂಜೆಗೆ ಫೋಟೋ ತೆಗೆಸಿಕೊಂಡು ಬೆಂಗಳೂರಿಗೆ ವಾಪಸಾಗಲಿಲ್ಲ, ಅಲ್ಲಿಯೇ ಉಳಿದರು. 2011ರಲ್ಲಿ ಸೋಲಿಗರು ತಮ್ಮ ಕಾಡಿನ ಮೇಲಿನ ಹಕ್ಕನ್ನು ತಾವೇ ಅರ್ಜಿ ಹಾಕಿ ಪಡೆದರು. ಸೇವೆಗೆ ಒಳಗಾದವರು ಅರ್ಜಿ ಬರೆಯುವ ಹಾಗಾದರಲ್ಲ, ಅದು ಲೆಕ್ಕಕ್ಕೆ ಬರುವ ಸಂಗತಿ.

ನನ್ನ ಕೈಲಾದರೆ ಶಾಲೆಗಳಿಗೆ ಒಂದು ನಿಯಮ ಮಾಡುತ್ತಿದ್ದೆ. ಚರ್ಚಾಗಲಿ ಮಠವಾಗಲಿ ಕಂಪನಿಯಾಗಲಿ ಕ್ಲಬ್ಬಾಗಲಿ, ಬರುವ ಮೊದಲು ಏನು ಬೇಕೆಂದು ಬರೆದು ಕೇಳಬೇಕು. ಶಾಲೆ ‘ಬೇಡ’ ಎಂದರೆ ಬೇಸರ ಮಾಡಿಕೊಳ್ಳದೆ ಸುಮ್ಮನಾಗಬೇಕು. ಮಕ್ಕಳ ಫೋಟೋ ತೆಗೆಯಕೂಡದು. ಕೊನೆಯ ದಿನದ ಸಮಾರಂಭವಂತೂ ಖಂಡಿತ ಕೂಡದು. ಯಾರಿಗಾದರೂ ಅಳು ಬಂದರೆ ವಿಮಾನದಲ್ಲಿ ಕುಳಿತು ಅಳಲಿ, ಒಂದನೇ ಕ್ಲಾಸಿನ ಮಕ್ಕಳ ಎದುರಿಗಲ್ಲ.

ಹೋದ ತಿಂಗಳು ನಮ್ಮ ಪಕ್ಕದ ಊರಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಫೋನು ಮಾಡಿದ್ದರು. ಜನವರಿಯಲ್ಲಿ ಒಂದು ತಂಡ ಹತ್ತು ದಿನಕ್ಕೆ ಬರುತ್ತೇವೆ ಎನ್ನುತ್ತಿದೆಯಂತೆ, ಏನು ಹೇಳಲಿ ಎಂದು ಕೇಳಿದರು. ನಾನು ಇಷ್ಟೂ ಪುರಾಣವನ್ನು ಅವರಿಗೆ ಒಪ್ಪಿಸಿದೆ. ಅವರಲ್ಲಿ ಕನ್ನಡ ಬಲ್ಲವರಿದ್ದಾರಾ ಕೇಳಿ, ಹನ್ನೊಂದನೇ ದಿನ ಯಾರು ಇರುತ್ತಾರೆ ಕೇಳಿ, ನಿಮ್ಮ ಹುಡುಗಿಯರು ಬೇಡ ಅಂದರೆ ಬರದೇ ಇರುತ್ತಾರಾ ಕೇಳಿ ಎಂದೆ. ಅವರು ತಾಳ್ಮೆಯಿಂದ ಎಲ್ಲ ಕೇಳಿಸಿಕೊಂಡು, “ಅದೆಲ್ಲ ಆಮೇಲೆ ಕೇಳ್ತೀನಿ ಮೇಡಂ, ನಮ್ಮ ಹುಡುಗೀರ್ನ ಕರೆದು ಕೇಳಿದ್ದಾಯ್ತು. ಟಾಯ್ಲೆಟ್ಟಿಗೆ ಬಾಗಿಲು ಬೇಕಂತೆ, ಒಳಗಡೆಯಿಂದ ಚಿಲಕ ಹಾಕ್ಕೊಳ್ಳೋ ಹಾಗಿರಬೇಕಂತೆ” ಎಂದರು.